ಒಂದೇ ಮನೆಗೆ ಎರಡು ಫಾರಂ

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ನಮ್ಮ ಅಧ್ಯಯನದ ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿ ನನ್ನ ಕೋಣೆಗೆ ಬಂದು ಎರಡು ಫಾರಂಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಒಬ್ಬರದೇ ಹೆಸರು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ನಂದಗುಡಿ ಹೋಬಳಿಯ ಒಂದು ಹಳ್ಳಿ, ಅದೇ ಮನೆ. ಒಂದು ಏಪ್ರಿಲ್ ಕೊನೆಯಲ್ಲಿ ಭರ್ತಿಯಾದದ್ದು, ಇನ್ನೊಂದು ಮೇ ಮಧ್ಯದಲ್ಲಿ. ಕ್ರಮಸಂಖ್ಯೆ ಮಾತ್ರ ಬೇರೆ ಬೇರೆ. ಎರಡರ ಕೆಳಗೂ ಅಜ್ಜಿಯ ಹೆಬ್ಬೆಟ್ಟಿನ ಗುರುತು, ಎರಡರಲ್ಲೂ ಒಂದೇ ಕೈಬರಹ.

"ಇದೊಂದೇ ಅಲ್ಲ ಮೇಡಂ," ಅಂದರು. "ಇಂಥವು ಏಳು ಸಿಕ್ಕಿವೆ. ಎಲ್ಲಾ ಸಿಸ್ಟರ್ ಮಾಡಿರೋವೇ."

ನಾನು ನರರೋಗ ತಜ್ಞೆ. ವಯಸ್ಸಾದಂತೆ ಯಾರ ನೆನಪು ಉಳಿಯುತ್ತದೆ, ಯಾರದು ಜಾರುತ್ತದೆ, ಯಾಕೆ ಜಾರುತ್ತದೆ ಎಂದು ತಿಳಿಯಲು ಹೊಸಕೋಟೆ ತಾಲ್ಲೂಕಿನ ಕೆಲವು ಹಳ್ಳಿಗಳ ಹಿರಿಯರನ್ನು ವರ್ಷದಿಂದ ವರ್ಷಕ್ಕೆ ಪರೀಕ್ಷಿಸುತ್ತ ಹೋಗುವ ಅಧ್ಯಯನ ನನ್ನದು. ಹಳ್ಳಿಯ ಕೆಲಸವೆಲ್ಲ ನಿಂತಿದ್ದದ್ದು ನಾವು 'ಸಿಸ್ಟರ್' ಎಂದು ಕರೆಯುತ್ತಿದ್ದ ಮೇಲ್ವಿಚಾರಕಿಯ ಮೇಲೆ. ಆಕೆಗೆ ನಲವತ್ತೇಳು ವರ್ಷ. ಅದೇ ಹೋಬಳಿಯಲ್ಲಿ ಹುಟ್ಟಿ ಬೆಳೆದವರು. ಹೊಸಕೋಟೆಯ ನರ್ಸಿಂಗ್ ಹೋಮೊಂದರಲ್ಲಿ ಬಹಳ ವರ್ಷ ದುಡಿದು, ನಮ್ಮ ಕೆಲಸ ಶುರುವಾದ ಮೊದಲ ವಾರವೇ ಸೇರಿದವರು. ಗಂಡ ಊರಿನ ಹಾಲಿನ ಡೈರಿಯ ಕಾರ್ಯದರ್ಶಿ.

ಅವರಿಲ್ಲದಿದ್ದರೆ ನಮಗೆ ಒಂದು ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಆ ಭಾಗದ ಜಮೀನು ಯಾವುದೋ ಯೋಜನೆಗೆ ಹೋಗುತ್ತದೆಂಬ ಮಾತು ಹಬ್ಬಿದ್ದ ಕಾಲ ಅದು. ಕೈಯಲ್ಲಿ ಕಾಗದ ಹಿಡಿದು ಬಂದವರೆಲ್ಲ ಜನರ ಕಣ್ಣಿಗೆ ಸರ್ವೆಯವರೇ. ನನ್ನೆದುರಿಗೇ ಒಬ್ಬ ಹಿರಿಯರು ಹೆಬ್ಬೆಟ್ಟು ಮುಷ್ಟಿಯೊಳಗೆ ಮುಚ್ಚಿಕೊಂಡು, "ಮೆದುಳು ನೋಡ್ತೀನಿ ಅಂತ ಹೇಳಿ ಹೊಲ ಬರೆಸ್ಕೊಂಡ್ರೆ ಏನವ್ವ ಮಾಡೋದು?" ಎಂದು ಕೇಳಿದ್ದರು. ಸಿಸ್ಟರ್ ಅವರ ಪಕ್ಕ ಜಗಲಿಯ ಮೇಲೆ ಕುಳಿತು, "ದೊಡ್ಡಪ್ಪ, ನಿಮ್ ಹೊಲದ ಬದಿಗೇ ನಮ್ಮಪ್ಪಂದೂ ಐತೆ. ನಿಮ್ದು ಹೋದ್ರೆ ನಮ್ದೂ ಹೋಯ್ತದೆ. ನಾನ್ಯಾಕೆ ಅಂಥಾ ಕೆಲ್ಸ ಮಾಡ್ಲಿ?" ಅಂದರು. ಹಿರಿಯರು ಮುಷ್ಟಿ ಬಿಚ್ಚಿದರು.

ಪರೀಕ್ಷೆಯ ಕ್ರಮ ಸರಳ. ಓದುಬರಹ ಬಾರದವರಿಗೂ ಹೊಂದುವಂತೆ ಮಾಡಿಕೊಂಡದ್ದು. ಹತ್ತು ಪದಗಳನ್ನು ನಿಧಾನವಾಗಿ ಹೇಳುವುದು, ಅವರು ಎಷ್ಟನ್ನು ತಿರುಗಿ ಹೇಳುತ್ತಾರೆಂದು ಬರೆದುಕೊಳ್ಳುವುದು. ಹೀಗೆ ಮೂರು ಸಲ. ಆಮೇಲೆ ಬೇರೆ ಕೆಲಸ: ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು, ಬೆಂಕಿಕಡ್ಡಿಗಳನ್ನು ತೋರಿಸಿದ ಹಾಗೇ ಜೋಡಿಸುವುದು. ಇಪ್ಪತ್ತು ನಿಮಿಷ ಕಳೆದ ಮೇಲೆ, ಮತ್ತೆ ಓದದೆ, "ಆಗ ಹೇಳಿದ ಹತ್ತರಲ್ಲಿ ಯಾವ್ಯಾವುದು ನೆನಪಿದೆ?" ಎಂದು ಕೇಳುವುದು. ಮರೆವಿನ ಕಾಯಿಲೆ ಮೊದಲು ಸಿಕ್ಕಿಬೀಳುವುದು ಈ ಕೊನೆಯ ಪ್ರಶ್ನೆಯಲ್ಲಿ. ಕೊನೆಗೆ ಮನೆಯವರ ಹತ್ತಿರ ವಿಚಾರಣೆ, ವಂಶವಾಹಿ ಪರೀಕ್ಷೆಗೆ ಎರಡು ಕೊಳವೆ ರಕ್ತ. ಪ್ರತಿ ಪರೀಕ್ಷೆಯ ಮಾತುಕತೆಯೂ ಟ್ಯಾಬಿನಲ್ಲಿ ಧ್ವನಿಮುದ್ರಣವಾಗುತ್ತಿತ್ತು. ಹಳ್ಳಿಗಳಲ್ಲಿ ಪರೀಕ್ಷೆ ಮಾಡುವ ಉಳಿದ ಹುಡುಗಿಯರ ಫಾರಂಗಳನ್ನು ತಪಾಸಣೆ ಮಾಡುತ್ತಿದ್ದವರು ಸಿಸ್ಟರ್. ಅವರ ಫಾರಂಗಳನ್ನು ತಪಾಸಣೆ ಮಾಡಲು ನಾನು ಯಾರನ್ನೂ ನೇಮಿಸಿರಲಿಲ್ಲ.

ಎರಡು ಫಾರಂಗಳನ್ನು ನೋಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ತಿಂಗಳಿಗೆ ಇಷ್ಟು ಮನೆ ಎಂದು ಗುರಿ ಇಟ್ಟರೆ, ಮರದ ಕೆಳಗೆ ಕೂತು ಫಾರಂ ತುಂಬಿಸಿ ತರುವವರು ಎಲ್ಲ ಕಡೆಯೂ ಇರುತ್ತಾರೆ. ಬೇರೊಂದು ಅಧ್ಯಯನದಲ್ಲಿ ನಾನೇ ಒಬ್ಬರನ್ನು ಹಾಗೆ ಹಿಡಿದು ಕೆಲಸದಿಂದ ತೆಗೆದಿದ್ದೆ.

"ಸುಳ್ಳು ಬರೆಯೋರಾಗಿದ್ರೆ ಅದೇ ಹೆಸರು ಯಾಕೆ ಬರೀತಿದ್ರು ಮೇಡಂ?" ಎಂದು ಸಹೋದ್ಯೋಗಿ ಕೇಳಿದರು.

ಬುಧವಾರ, ಸಿಸ್ಟರ್ ಬೇರೊಂದು ಹಳ್ಳಿಗೆ ಹೋದ ದಿನ ನೋಡಿಕೊಂಡು, ಯಾರಿಗೂ ಹೇಳದೆ ನಾನೊಬ್ಬಳೇ ಆ ಅಜ್ಜಿಯ ಮನೆಗೆ ಹೋದೆ. ಅಜ್ಜಿ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ರಾಗಿ ಕೇರುತ್ತಿದ್ದರು. ನನ್ನ ಕೊರಳಿನ ಗುರುತಿನ ಚೀಟಿ ನೋಡಿದ್ದೇ ನಕ್ಕರು.

"ಬನ್ರವ್ವ, ಕುಂತ್ಕಳಿ. ನೀವೂ ಅದನ್ನೇ ಕೇಳಾಕ್ ಬಂದ್ರಾ?"

"ಯಾವುದನ್ನಜ್ಜಿ?"

"ಅದೇ ಹತ್ತು ಮಾತು. ಬಾಗಿಲು, ಮೊಸರು, ಮೂಗು, ಹಗ್ಗ, ಹುಣಸೆ, ಪತ್ರ, ಗಾಡಿ, ಗಿಣಿ, ಬೆಟ್ಟ, ಸೂಜಿ." ಒಂದೂ ತಪ್ಪದೆ, ಮೊರ ಆಡಿಸುವ ಲಯದಲ್ಲೇ ಹೇಳಿ ಮುಗಿಸಿದರು. "ಎರಡ್ ಕಿತ ಕೇಳಿದ್ರೆ ಯಾರ್ಗ್ ತಾನೆ ಬಾಯಿಗೆ ಬರಾಕಿಲ್ಲ?"

"ಎರಡು ಸಲಾನೂ ಸಿಸ್ಟರೇ ಬಂದಿದ್ರಾ?"

"ಅವಳೇ ಕಣವ್ವ. ಎರಡ್ನೇ ದಪ ಬಂದಾಗ, 'ಮೊನ್ನೆ ತಾನೆ ಬಂದಿದ್ದಲ್ಲೇ' ಅಂದೆ. 'ಇಲ್ಲಜ್ಜಿ, ಬೇರೆ ಯಾರೋ ಬಂದಿರ್ಬೇಕು' ಅಂತ ನಕ್ಕಂಡ್ಲು. ಕಾಫಿ ಕೊಟ್ರೆ, 'ನಿಮ್ಮನೆ ಕಾಫಿ ಇದೇ ಮೊದಲ್ನೇ ಸಲ ಕುಡೀತಿರೋದು' ಅಂದ್ಲು." ಅಜ್ಜಿ ಮೊರ ಕೆಳಗಿಟ್ಟು ದನಿ ತಗ್ಗಿಸಿದರು. "ನನ್ ನೆಪ್ಪು ನೆಟ್ಟಗೇ ಐತೆ. ಆ ಮಗೀಗೇ ಒಂದ್ ಕಿತ ನೋಡ್ರವ್ವ."

ಕಾರಿಗೆ ಬಂದು ಕೂತಾಗ, ಸುಳ್ಳು ಬರೆದಿದ್ದರೇ ಚೆನ್ನಾಗಿತ್ತು ಎಂದು ನನಗನ್ನಿಸಿತು.

ಮರುದಿನ ಮಧ್ಯಾಹ್ನ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಸಿಸ್ಟರ್ ಮಾಡಿದ ಪರೀಕ್ಷೆಗಳ ಧ್ವನಿಮುದ್ರಣಗಳನ್ನು ತಿಂಗಳಿಗೊಂದರಂತೆ ಆರಿಸಿ, ಹಿಂದಿನ ವರ್ಷದ ಏಪ್ರಿಲ್‌ನಿಂದ ಕ್ರಮವಾಗಿ ಕೇಳತೊಡಗಿದೆ. ಮೊದಲಿನವುಗಳಲ್ಲಿ ಅವರ ದನಿ ಖಚಿತವಾಗಿತ್ತು. ಹತ್ತು ಪದಗಳೂ ಒಂದೇ ಅಂತರದಲ್ಲಿ ಬರುತ್ತಿದ್ದವು. ಕಾಗದದ ಸದ್ದೇ ಇರಲಿಲ್ಲ. ಪದಗಳು ಅವರಿಗೆ ಬಾಯಿಪಾಠವಾಗಿದ್ದವು. ಅಕ್ಟೋಬರಿನಲ್ಲಿ 'ಹುಣಸೆ'ಯ ನಂತರ ಒಂದು ಸಣ್ಣ ತಡವರಿಕೆ. ಜನವರಿಯಿಂದ ಕಾಗದ ಸರಿಸುವ ಸದ್ದು ಶುರುವಾಯಿತು. ಅಂದರೆ ಅವರು ಮತ್ತೆ ಹಾಳೆ ನೋಡಿ ಓದತೊಡಗಿದ್ದರು. ಮಾರ್ಚಿನಲ್ಲಿ ಓದು ಮುಗಿಸಿದ ಕ್ಷಣಕ್ಕೇ, "ಈಗ ಓದಿದ್ನಾ ದೊಡ್ಡಮ್ಮ?" ಎಂದು ಕೇಳಿದರು. ಮೇ ತಿಂಗಳಿನದರಲ್ಲಿ ಇಪ್ಪತ್ತು ನಿಮಿಷದ ವಿರಾಮದ ಕೊನೆಗೆ ಬಹಳ ಹೊತ್ತು ಮೌನ. ಆಮೇಲೆ ಎದುರಿಗಿದ್ದ ಮುದುಕರ ದನಿ: "ಏನವ್ವಾ, ಆ ಹತ್ತು ಪದ ಕೇಳಾಕಿಲ್ವಾ?"

ಪರೀಕ್ಷೆಗೆ ಕೂತವರು ಪರೀಕ್ಷೆ ಮಾಡುವವರಿಗೆ ದಾರಿ ತೋರಿಸುತ್ತಿದ್ದರು. ಇದು ತಿಂಗಳುಗಟ್ಟಲೆ ನಡೆದಿತ್ತು.

ಆಗ ಒಂದು ಹಳೆಯ ಫೈಲು ನೆನಪಾಯಿತು. ತರಬೇತಿಯ ಮೊದಲ ವಾರ, ಮನೆತನದ ಚರಿತ್ರೆ ಬರೆದುಕೊಳ್ಳುವುದು ಹೇಗೆಂದು ಕಲಿಸಲು ನಾನು ಸಿಸ್ಟರ್‌ ಅವರನ್ನೇ ಮುಂದೆ ಕೂರಿಸಿಕೊಂಡಿದ್ದೆ. ಫೈಲು ತೆಗೆದು ನೋಡಿದೆ. ನನ್ನದೇ ಕೈಬರಹ. ಅವರ ತಾಯಿ ಐವತ್ತರ ಸುಮಾರಿಗೆ ನೀರು ತರಲು ಬಾವಿಗೆ ಹೋದವರು ಮನೆಯ ದಾರಿ ಕಾಣದೆ ನಿಂತಿದ್ದರು. ಐವತ್ತಾರಕ್ಕೆ ಹಾಸಿಗೆಯಲ್ಲೇ ತೀರಿಕೊಂಡರು. ತಾಯಿಯ ಅಣ್ಣನೂ ಹಾಗೇ. ಅಭ್ಯಾಸಕ್ಕೆಂದು ಎಲ್ಲರ ರಕ್ತ ತೆಗೆದಾಗ ಸಿಸ್ಟರ್ ರಕ್ತವೂ ಹೆಸರಿನ ಬದಲು ಒಂದು ಗುಪ್ತ ಸಂಖ್ಯೆ ಹೊತ್ತು ನಮ್ಮ ಶೈತ್ಯಾಗಾರ ಸೇರಿತ್ತು. ಆ ಹಾಳೆಯನ್ನು ನಾನು ತರಬೇತಿ ಮುಗಿದ ಮೇಲೆ ಮಡಚಿ ಇಟ್ಟುಬಿಟ್ಟಿದ್ದೆ.

ಶುಕ್ರವಾರ ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕರಿಗೆ ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಗಸ್ಟ್‌ನಲ್ಲಿ ಮುಂದಿನ ಹಂತಕ್ಕೆ ಅನುಮತಿ ಕೊಡೋ ಪರಿಶೀಲನಾ ಸಮಿತಿ ಬರುತ್ತೆ. ಅದು ಮುಗೀಲಿ," ಅಂದರು. "ಈಗ ಕೆಲಸ ನಿಲ್ಲಿಸಿದ್ರೆ ಅಧ್ಯಯನಾನೇ ನಿಂತುಹೋಗುತ್ತೆ. ಎರಡು ತಿಂಗಳಲ್ಲಿ ಆಕೆಯ ಕಾಯಿಲೆಯಲ್ಲಿ ಏನೂ ವ್ಯತ್ಯಾಸ ಆಗಲ್ಲ. ನಮ್ಮ ಹತ್ತಿರ ಔಷಧಿ ಏನಿದೆ ಹೇಳಿ?"

ವೈದ್ಯಕೀಯವಾಗಿ ಆ ಮಾತು ತಪ್ಪಲ್ಲ. ಒಪ್ಪಿಕೊಳ್ಳುವುದು ಸುಲಭವಾದದ್ದೂ ಅದಕ್ಕೇ.

ನಾನೊಂದು ಮಧ್ಯದ ದಾರಿ ಮಾಡಿಕೊಂಡೆ. ಸಿಸ್ಟರ್ ಇನ್ನು ಮುಂದೆ ನೆನಪಿನ ಪರೀಕ್ಷೆ ಮಾಡಬೇಕಿಲ್ಲ, ರಕ್ತ ಸಂಗ್ರಹ ಮಾತ್ರ ನೋಡಿಕೊಳ್ಳಲಿ ಎಂದು ಹೇಳಿದೆ. ಕೈಗೆ ರೂಢಿಯಾದ ಕೆಲಸ, ಅದು ಅಷ್ಟು ಬೇಗ ಕೈಬಿಡುವುದಿಲ್ಲ ಎಂಬ ಲೆಕ್ಕ. ಯಾಕೆ ಎಂದು ಅವರು ಕೇಳಲಿಲ್ಲ. "ಆಯ್ತು ಮೇಡಂ," ಅಂದರು. ಕೇಳದೇ ಇದ್ದದ್ದು ನನಗೆ ಆಗ ಸಮಾಧಾನ ತಂದಿತ್ತು.

ಆಮೇಲಿನ ಐದಾರು ವಾರ ನಾನು ಅವರನ್ನು ಗಮನಿಸುತ್ತ ಹೋದೆ. ಅದು ನನ್ನ ವೃತ್ತಿ. ಕಣ್ಣು ತಾನಾಗಿಯೇ ಹೋಗುತ್ತದೆ. ಎಡ ಅಂಗೈ ತುಂಬ ನೀಲಿ ಶಾಯಿಯಲ್ಲಿ ಹಳ್ಳಿಯ ಹೆಸರು, ಗಂಟೆ, ಮನೆಯ ಗುರುತು. ಬೆಳಿಗ್ಗೆ ಹೇಳಿದ್ದನ್ನು ಮಧ್ಯಾಹ್ನ ಹೊಸ ಸುದ್ದಿಯಂತೆ ಹೇಳುವುದು. ಬೆರಳಿನ ತುದಿಗೆ ರಕ್ತನಾಳ ಸಿಕ್ಕಿದ್ದೇ ತಡ, ಸೂಜಿ ಮಾತ್ರ ಮೊದಲಿನಷ್ಟೇ ಸಲೀಸು. ಹುಡುಗಿಯರು ಅವರ ತಪ್ಪುಗಳನ್ನು ನನ್ನ ಕಣ್ಣಿಗೆ ಬೀಳದಂತೆ ಮುಚ್ಚುತ್ತಿದ್ದರು. ನಾನೂ ನೋಡಿದ್ದನ್ನು ನೋಡದವಳಂತೆ ಇದ್ದೆ. ಒಂದು ಕೋಣೆಯಲ್ಲಿದ್ದ ಅಷ್ಟೂ ಜನಕ್ಕೆ ಗೊತ್ತಿದ್ದ ವಿಷಯವೊಂದು ಯಾರ ಬಾಯಿಗೂ ಬರದೆ ಅಲ್ಲೇ ಕೂತಿತ್ತು.

ಜುಲೈ ಕೊನೆಯ ಒಂದು ಮಂಗಳವಾರ ಸಿಸ್ಟರ್ ಬೆಳಿಗ್ಗೆ ಒಂಬತ್ತಕ್ಕೆ ಐಸ್ ಡಬ್ಬಿಯನ್ನು ಸ್ಕೂಟರಿನ ಮುಂದಿಟ್ಟುಕೊಂಡು ಹೊರಟರು. ನಾಲ್ಕು ಮನೆ. ಹನ್ನೆರಡರೊಳಗೆ, ನಂದಗುಡಿಯಲ್ಲಿ ಅಧ್ಯಯನಕ್ಕೆಂದು ಹಿಡಿದಿದ್ದ ನಮ್ಮ ಕೋಣೆಗೆ ಬರಬೇಕಿತ್ತು. ಒಂದಾಯಿತು, ಎರಡಾಯಿತು. ಫೋನು ಬಡಿದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಮೂರರ ಹೊತ್ತಿಗೆ ಅವರ ಗಂಡ ಕರೆ ಮಾಡಿದರು. ಹಾಲಿನ ವ್ಯಾನಿನ ಡ್ರೈವರ್ ಅವರನ್ನು ನೋಡಿದ್ದನಂತೆ. ಅವತ್ತಿನ ನಾಲ್ಕು ಮನೆಗಳ ದಿಕ್ಕಿಗೆ ಪೂರಾ ಉಲ್ಟಾ, ಒಂದು ನೀಲಗಿರಿ ತೋಪಿನ ಅಂಚು.

ಗಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಸ್ವಲ್ಪ ದೂರ ಹೋದ ಮೇಲೆ ಅವರು ರಸ್ತೆ ನೋಡುತ್ತಲೇ ಹೇಳಿದರು: "ಆರು ತಿಂಗಳಿಂದ ಹಿಂಗೇ ಮೇಡಂ. ನಮ್ಮತ್ತೆಗೂ ಹಿಂಗೇ ಶುರುವಾಗಿದ್ದು."

"ನನಗೆ ಯಾಕೆ ಹೇಳಲಿಲ್ಲ ನೀವು?"

"ನೀವು ದಿನಾ ನೋಡ್ತಿದ್ರಲ್ಲ ಮೇಡಂ. ಇದೇ ಕಾಯಿಲೆ ಡಾಕ್ಟ್ರು ನೀವು. ನಿಮಗೇ ಏನೂ ಕಾಣಿಸ್ತಿಲ್ಲ ಅಂದ್ಮೇಲೆ ಏನೂ ಇರಾಕಿಲ್ಲ ಅಂತ ನಾವು ಸಮಾಧಾನ ಮಾಡ್ಕೊಂಡಿದ್ವಿ."

ನನಗೆ ಕಂಡು ಆರು ವಾರವಾಗಿತ್ತು.

ಸಿಸ್ಟರ್ ತೋಪಿನ ಅಂಚಿನ ಮೈಲಿಗಲ್ಲಿನ ಮೇಲೆ ಕುಳಿತಿದ್ದರು. ಸ್ಕೂಟರು ನೀಟಾಗಿ ಸ್ಟ್ಯಾಂಡ್ ಹಾಕಿ ನಿಂತಿತ್ತು. ಮಡಿಲಲ್ಲಿ ಐಸ್ ಡಬ್ಬಿ, ಅದರ ಮೇಲೆ ಎರಡೂ ಕೈ. ನನ್ನನ್ನು ನೋಡಿ ಎದ್ದು ನಿಂತು, ಸೀರೆಯ ಸೆರಗು ಸರಿಮಾಡಿಕೊಂಡರು.

"ಮೇಡಂ, ಈ ರಸ್ತೆ ಹೊಸದಾಗಿ ಮಾಡಿದ್ದಾರಾ?"

ಗಂಡ ಇನ್ನೊಂದು ಕಡೆಗೆ ತಿರುಗಿಕೊಂಡರು. ಅದು ಅವರ ತವರಿಗೆ ಹೋಗುವ ರಸ್ತೆ.

ಕೋಣೆಗೆ ವಾಪಸ್ ಬಂದು ಡಬ್ಬಿ ತೆರೆದೆ. ಐಸ್ ಕರಗಿ ನೀರಾಗಿತ್ತು. ನಾಲ್ಕು ಮನೆಗೆ ಎಂಟು ಕೊಳವೆ ಇರಬೇಕಿತ್ತು, ಹತ್ತು ಇದ್ದವು. ಎಂಟರ ಮೇಲೆ ಹೆಸರಿನ ಚೀಟಿ, ಎರಡರ ಮೇಲೆ ಏನೂ ಇಲ್ಲ. ಯಾರ ರಕ್ತ, ಯಾವ ಊರಿನಲ್ಲಿ, ಅವರ ಒಪ್ಪಿಗೆ ಕೇಳಿ ತೆಗೆದದ್ದೋ ಇಲ್ಲವೋ, ಸಿಸ್ಟರ್‌ಗೆ ಗೊತ್ತಿರಲಿಲ್ಲ. ಇವತ್ತಿನವರೆಗೂ ನಮಗೆ ಯಾರಿಗೂ ಗೊತ್ತಾಗಿಲ್ಲ. ಆ ಎರಡು ಕೊಳವೆಗಳನ್ನು ಬೆಳಕಿಗೆ ಹಿಡಿದು ನಿಂತಾಗ, ಅವರ ಕೈಗೆ ಸೂಜಿ ಕೊಟ್ಟವಳು ನಾನು ಎಂಬುದು ಮಾತ್ರ ಸ್ಪಷ್ಟವಿತ್ತು. ಅವನ್ನು ಆಸ್ಪತ್ರೆ ತ್ಯಾಜ್ಯದ ಹಳದಿ ಚೀಲಕ್ಕೆ ಹಾಕಿ ವಿಲೇವಾರಿಗೆ ಕಳಿಸಿದೆ.

ಅವತ್ತೇ ಸಂಜೆ ಕೆಲಸ ನಿಲ್ಲಿಸಿದೆ. ಹಿರಿಯ ಪ್ರಾಧ್ಯಾಪಕರಿಗೆ ಫೋನಿನಲ್ಲಿ ತಿಳಿಸಿದೆ, ಅನುಮತಿ ಕೇಳಲಿಲ್ಲ. ನಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಪತ್ರ ಬರೆದೆ: ಯಾವ ಫಾರಂಗಳನ್ನು ನಂಬಲಾಗದು, ಯಾವ ದಿನ ನನಗೆ ಅನುಮಾನ ಬಂತು, ಆ ದಿನದಿಂದ ಈವರೆಗೆ ನಾನು ಏನು ಮಾಡಲಿಲ್ಲ. ಕೊನೆಯದನ್ನು ಬರೆಯಲು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಗುಪ್ತ ಸಂಖ್ಯೆಗಳ ಪಟ್ಟಿ ಇದ್ದ ಅಲಮಾರಿಯ ಕೀಲಿಯನ್ನೂ ಪತ್ರದ ಜೊತೆ ಕಳಿಸಿದೆ. ಆ ಪಟ್ಟಿ ತೆರೆದು, ಪ್ರಯೋಗಾಲಯದ ಫಲಿತಾಂಶದ ಸಾಲಿಗೆ ಹೊಂದಿಸಿದರೆ ಸಿಸ್ಟರ್ ವಂಶವಾಹಿಯಲ್ಲಿ ಏನಿದೆಯೆಂದು ಹತ್ತು ನಿಮಿಷದಲ್ಲಿ ನನಗೆ ತಿಳಿಯುತ್ತಿತ್ತು. ಅವರಿಗಿಂತ ಮೊದಲು ಅದನ್ನು ತಿಳಿಯುವ ಹಕ್ಕು ನನಗಿರಲಿಲ್ಲ. ಕೀಲಿ ನನ್ನಲ್ಲೇ ಇದ್ದರೆ ತೆರೆಯದೆ ಇರುತ್ತೇನೆಂಬ ಧೈರ್ಯವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಗಂಡ ಡೈರಿಯ ಕೆಲಸ ಬಿಟ್ಟು ಬಂದಿದ್ದರು. ಒಬ್ಬಳೇ ಮಗಳು, ನರ್ಸಿಂಗ್ ಮುಗಿಸಿ ದೇವನಹಳ್ಳಿ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದವಳು, ರಜೆ ಹಾಕಿ ಬಾಗಿಲಿಗೆ ಒರಗಿ ನಿಂತಿದ್ದಳು.

ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಮಾತು ಶುರುಮಾಡಿದವರು ಅವರೇ.

"ಮೇಡಂ, ನನಗ್ಗೊತ್ತು. ಪ್ರತಿ ಭಾನುವಾರ ಮನೇಲಿ ನನ್ನ ಪರೀಕ್ಷೆ ನಾನೇ ಮಾಡ್ಕೋತಿದ್ದೆ."

"ಯಾವಾಗಿಂದ?"

"ಹೋದ ವರ್ಷ ದಸರಾ ಕಳೆದ್ಮೇಲಿಂದ. ಅಡುಗೆ ಮನೇಲಿ ಗಂಟೆ ನೋಡ್ಕೊಂಡು ಇಪ್ಪತ್ತು ನಿಮಿಷ ಬಿಟ್ಟು ಪದ ಬರೀತಿದ್ದೆ. ಆಗ ಹತ್ತಕ್ಕೆ ಹತ್ತೂ ಬರೋವು. ಬರ್ದೇ ಏನ್ ಮಾಡ್ತವೆ, ಮೂರು ವರ್ಷ ಅವನ್ನೇ ಓದಿದ್ದೀನಿ, ನಿದ್ದೇಲಿ ಕೇಳಿದ್ರೂ ಹೇಳ್ತೀನಿ. ಅದು ಪರೀಕ್ಷೆನೇ ಅಲ್ಲ ಅಂತ ನಂಗೊತ್ತಿತ್ತು. ಸಂಕ್ರಾಂತಿ ಆದ್ಮೇಲೆ ಒಂದು ಭಾನುವಾರ ಏಳೇ ಬಂತು. ಅಷ್ಟೊಂದು ಮನೇಲಿ ಓದಿರೋ ಪದ ಮೇಡಂ. ಏಳೇ."

ಮಗಳು ಬಾಗಿಲು ಬಿಟ್ಟು ಬಂದು ಅಮ್ಮನ ಹಿಂದೆ ನಿಂತಳು.

"ನನ್ನ ಹತ್ತಿರ ಯಾಕೆ ಬರಲಿಲ್ಲ ಸಿಸ್ಟರ್?"

"ಬಂದ್ರೆ ನೀವು ನನ್ನ ಹೆಸರು ಯಾವ ಕಡೆ ಬರೀತೀರಾ ಅಂತ ಯೋಚ್ನೆ ಆಯ್ತು. ಕೆಲಸ ಮಾಡೋರ ಪಟ್ಟೀಲಾ, ಕಾಯಿಲೆಯೋರ ಪಟ್ಟೀಲಾ? ಇವಳಿಗೆ ಬೇರೆ ಮದುವೆ ಮಾತುಕತೆ ನಡೀತೈತೆ. ಅಜ್ಜೀಗೆ ಇತ್ತು, ಅಮ್ಮಂಗೂ ಐತೆ ಅಂದ್ರೆ ಯಾರ್ ಬರ್ತಾರೆ?" ಆಮೇಲೆ ನನ್ನ ಮುಖ ನೋಡಿ ಕೇಳಿದರು. "ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

"ಜೂನ್‌ನಲ್ಲಿ," ಅಂದೆ. "ಗೊತ್ತಾದ ದಿನವೇ ಬರಬೇಕಿತ್ತು. ಬರಲಿಲ್ಲ. ಅದು ನನ್ನ ತಪ್ಪು."

ಅವರು ಸಿಟ್ಟಾಗಲಿಲ್ಲ. ಸಿಟ್ಟಾದವಳು ಮಗಳು. "ಒಂದೂವರೆ ತಿಂಗಳು ಸ್ಕೂಟರಲ್ಲಿ ಓಡಾಡಿದ್ದಾರೆ ಅವ್ರು," ಅಂದಳು. "ಹೈವೇ ಮೇಲೆ. ನೀವು ನೋಡ್ಕೊಂಡು ಕೂತಿದ್ರಿ." ನಾನು ಹೌದು ಅಂದೆ.

ನಾನೇ ಅವರ ವೈದ್ಯೆಯಾಗುವುದು ಸರಿಯಲ್ಲವೆಂದು ರೋಗನಿರ್ಣಯಕ್ಕೆ ಬೇರೊಬ್ಬ ತಜ್ಞರ ಹತ್ತಿರ ಕಳಿಸಿದೆ. ವರದಿಗಳನ್ನು ನನಗೂ ತೋರಿಸಬೇಕೆಂದು ಹಟ ಹಿಡಿದವರು ಸಿಸ್ಟರ್. ಮೊದಲು ವಾಸಿಯಾಗುವ ಕಾರಣಗಳನ್ನು ಹುಡುಕಬೇಕು: ಥೈರಾಯ್ಡ್, ಖಿನ್ನತೆ, ನಿದ್ರೆಯ ತೊಂದರೆ, ಜೀವಸತ್ವದ ಕೊರತೆ. ಬಿ-ಹನ್ನೆರಡು ತೀರಾ ಕಡಿಮೆ ಬಂತು. ಆ ಒಂದು ಸಾಲು ಆ ಮನೆಯಲ್ಲಿ ಹಬ್ಬದ ಹಾಗಾಯಿತು. ಅದರ ಕೊರತೆಯಿಂದಲೂ ಮರೆವು ಬರುವುದುಂಟು, ಚುಚ್ಚುಮದ್ದಿನಿಂದ ಸರಿಹೋಗುವುದೂ ಉಂಟು. ಮಗಳೇ ದಿನ ಲೆಕ್ಕವಿಟ್ಟು ಅಮ್ಮನಿಗೆ ಚುಚ್ಚುಮದ್ದು ಕೊಟ್ಟಳು. ಗಂಡ ನನಗೆ ಫೋನ್ ಮಾಡಿ, "ಇವತ್ತು ಸಾರಿಗೆ ಉಪ್ಪು ಸರಿಯಾಗಿ ಹಾಕಿದ್ಲು ಮೇಡಂ," ಎಂದು ಹೇಳುತ್ತಿದ್ದರು. ನಾನು ಒಳ್ಳೆಯದು ಅನ್ನುತ್ತಿದ್ದೆ. ಧ್ವನಿಮುದ್ರಣದ ಆ ಹದಿನಾಲ್ಕು ತಿಂಗಳು ನನ್ನ ಕಿವಿಯಲ್ಲಿತ್ತು. ಅಷ್ಟು ಕ್ರಮವಾಗಿ ಇಳಿಯುವುದು ಜೀವಸತ್ವದ ಕೊರತೆಯ ರೀತಿಯಾಗಿರಲಿಲ್ಲ.

ಮೂರು ತಿಂಗಳ ನಂತರ ರಕ್ತದಲ್ಲಿ ಬಿ-ಹನ್ನೆರಡು ಭರ್ತಿಯಾಗಿತ್ತು. ಸಿಸ್ಟರ್ ಇನ್ನಷ್ಟು ಮರೆಯುತ್ತಿದ್ದರು. ಮೆದುಳಿನ ಸ್ಕ್ಯಾನ್ ಚಿತ್ರಗಳನ್ನು ನಾನೂ ನೋಡಿದೆ. ಹೊಸ ನೆನಪನ್ನು ಹಿಡಿದಿಡುವ ಭಾಗ ಎರಡೂ ಬದಿಯಲ್ಲಿ ಕುಗ್ಗಿ, ಸುತ್ತ ಕಪ್ಪು ಜಾಗ ಅಗಲವಾಗಿತ್ತು. ದಾರಿಯ ಅಂದಾಜು ಕೊಡುವ ಹಿಂಬದಿಯ ಭಾಗವೂ ತೆಳುವಾಗಿತ್ತು. ಬೆನ್ನುಹುರಿಯ ದ್ರವದ ಪರೀಕ್ಷೆ ಉಳಿದ ಅನುಮಾನ ತೀರಿಸಿತು: ಆಲ್ಜೈಮರ್ ಕಾಯಿಲೆ, ಮುಪ್ಪಿಗೆ ಮೊದಲೇ ಬರುವಂಥದ್ದು. ವಂಶವಾಹಿ ಪರೀಕ್ಷೆ ಬೇಕೇ ಎಂದು ತಜ್ಞರು ಕೇಳಿದಾಗ ಸಿಸ್ಟರ್ ತಕ್ಷಣ ಬೇಕು ಅಂದರು. "ನನಗೆ ಇನ್ನೂ ಅರ್ಥ ಆಗೋ ಹೊತ್ತಲ್ಲೇ ಹೇಳಿಬಿಡಿ." ತಾಯಿಯಿಂದ ಬಂದ ದೋಷ ಸಿಕ್ಕಿತು. ಅಂಥ ದೋಷ ಇದ್ದವರ ಮಕ್ಕಳಿಗೆ ಅದು ದಾಟುವ ಸಂಭವ ಅರ್ಧಕ್ಕರ್ಧ.

ಇತ್ತ ಅಧ್ಯಯನ ಮುರಿದು ಬಿದ್ದಿತು. ಸಿಸ್ಟರ್ ಹದಿನಾಲ್ಕು ತಿಂಗಳಲ್ಲಿ ತುಂಬಿದ ಫಾರಂಗಳನ್ನು, ಅವರು ತಪಾಸಣೆ ಮಾಡಿದ ಉಳಿದವರ ಫಾರಂಗಳನ್ನೂ ಕೈಬಿಟ್ಟೆವು. ಪರಿಶೀಲನಾ ಸಮಿತಿ ನನ್ನ ಪತ್ರ ಓದಿ, ಮುಂದಿನ ಹಂತಕ್ಕೆ ಅನುಮತಿ ತಡೆಹಿಡಿಯಿತು. ನ್ಯಾಯವಾದ ತೀರ್ಮಾನ. ನಾನು ಮನೆಮನೆಗೆ ಹೋಗಿ, ಪರೀಕ್ಷೆ ಮತ್ತೆ ಮಾಡಬೇಕಾಗಿದೆ, ಹೊಸ ಪದಗಳೊಂದಿಗೆ, ಎಂದು ಕೇಳಿಕೊಳ್ಳಬೇಕಾಯಿತು. ಕಾರಣ ಹೇಳುವಂತಿರಲಿಲ್ಲ. ಹಲವು ಬಾಗಿಲು ಮುಚ್ಚಿಕೊಂಡವು. "ಮೊದ್ಲು ಬರೆಸ್ಕೊಂಡಿದ್ದು ಏನಾಯ್ತು? ಎಲ್ಲಿಗ್ ಕೊಟ್ರಿ?" ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರ ನನಗೇ ನಂಬುವಂತಿರಲಿಲ್ಲ. ಇಬ್ಬರು ಹುಡುಗಿಯರು ಕೆಲಸ ಬಿಟ್ಟರು. ಅಧ್ಯಯನ ಈಗ ಮತ್ತೆ ನಡೆಯುತ್ತಿದೆ, ಮೊದಲಿನ ಅರ್ಧದಷ್ಟು ಮನೆಗಳಲ್ಲಿ, ಎಲ್ಲರ ಫಾರಂಗಳನ್ನೂ ಇನ್ನೊಬ್ಬರು ತಪಾಸಣೆ ಮಾಡುವ ಕ್ರಮದಲ್ಲಿ. ನನ್ನದನ್ನೂ ಸೇರಿಸಿ.

ಇದನ್ನೆಲ್ಲ ಬರೆಯಲು ಆ ಮನೆಯವರು ಒಪ್ಪಿದ್ದಾರೆ. ಗುರುತು ಸಿಗುವಂಥ ಕೆಲವು ಸಂಗತಿ ಬದಲಿಸಿದ್ದೇನೆ. ಈ ಕೊನೆಯ ಘಟನೆಯನ್ನು ಬರೆಯಲೇಬೇಕು ಎಂದು ಹೇಳಿದವಳು ಮಗಳು.

ಮದುವೆಯ ಮಾತುಕತೆ ಅವಳೇ ನಿಲ್ಲಿಸಿದ್ದಳು. ಮರುವರ್ಷ ಫೆಬ್ರವರಿಯಲ್ಲಿ, ತನ್ನದೂ ಪರೀಕ್ಷೆಯಾಗಲಿ ಎಂದು ಬಂದಳು. ಅವಳಿಗೆ ಇಪ್ಪತ್ನಾಲ್ಕು. ನಾವು ಅವಸರ ಮಾಡಲಿಲ್ಲ. ಆಪ್ತಸಮಾಲೋಚಕಿಯ ಜೊತೆ ಮೂರು ಸಲ ಕೂರಿಸಿದೆವು. ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲು ಆಗುವುದಿಲ್ಲ ಎಂದು ನಾನೂ ಹೇಳಿದೆ. "ಈಗೇನು ಗೊತ್ತಿಲ್ಲದ ಹಾಗೆ ಇದ್ದೀನಾ ಮೇಡಂ?" ಅಂದಳು. "ಕೀ ಎಲ್ಲಿಟ್ಟೆ ಅಂತ ಒಂದು ಸಲ ಮರೆತ್ರೂ ಅವತ್ತೆಲ್ಲಾ ಊಟ ಸೇರಲ್ಲ."

ಫಲಿತಾಂಶದ ದಿನ ಅಮ್ಮನನ್ನೂ ಕರೆದುಕೊಂಡು ಬಂದಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಅಪ್ಪ ಡೈರಿಯ ಸಭೆಗೆ ಹೋಗಿದ್ದಾರೆ ಅಂದಳು. ಅಮ್ಮ ಹೊರಗೆ ಕೂರಲಿ ಎಂದು ಸಮಾಲೋಚಕಿ ಹೇಳಿದರೆ ಒಪ್ಪಲಿಲ್ಲ. ಸಿಸ್ಟರ್ ನನ್ನನ್ನು ನೋಡಿ ನಕ್ಕರು. ಗುರುತು ಹಿಡಿದರೋ, ಎಲ್ಲರನ್ನೂ ನೋಡಿ ನಗುವ ಹಾಗೆ ನಕ್ಕರೋ, ಹೇಳಲಾರೆ.

ಸಮಾಲೋಚಕಿ ಕವರನ್ನು ಮೇಜಿನ ಮೇಲಿಟ್ಟರು. ಈಗಲೂ ಬೇಡವೆನ್ನಬಹುದು ಎಂದು ಕೊನೆಯ ಸಲ ಕೇಳಿದರು. ಹುಡುಗಿ ತಾನೇ ಕವರು ಬಿಚ್ಚಿ ಹಾಳೆಯನ್ನು ಓದಿದಳು. ನರ್ಸಿಂಗ್ ಓದಿದವಳು; ನಾವು ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅಜ್ಜಿಯಲ್ಲಿದ್ದದ್ದು, ಅಮ್ಮನಲ್ಲಿದ್ದದ್ದು, ಅವಳಲ್ಲೂ ಇತ್ತು.

ಸಿಸ್ಟರ್ ಮಗಳ ಕೈಯಲ್ಲಿದ್ದ ಹಾಳೆಯ ಕಡೆ ಬಗ್ಗಿ ನೋಡಿದರು.

"ಯಾರ್ದಮ್ಮಾ ಅದು?"

"ನಂದೇ ಅಮ್ಮ."

"ರಿಸಲ್ಟಾ? ಪಾಸಾದ್ಯಾ?"

ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನೊಳಗಿಟ್ಟು ಜಿಪ್ ಎಳೆದಳು.

"ಪಾಸಾದೆ ಅಮ್ಮ."

"ನಂಗೊತ್ತಿತ್ತು," ಅಂದರು ಸಿಸ್ಟರ್, ಅವಳ ತಲೆ ನೇವರಿಸುತ್ತ.

ಹುಡುಗಿ ಅಮ್ಮನ ಚಪ್ಪಲಿ ಹುಡುಕಿ ಕಾಲಿಗೆ ಹಾಕಿದಳು, ಕೈ ಹಿಡಿದು ಎಬ್ಬಿಸಿದಳು. ಬಾಗಿಲ ಹತ್ತಿರ ನಿಂತು ನನ್ನ ಕಡೆ ತಿರುಗಿ, ಆಸ್ಪತ್ರೆಯಲ್ಲಿ ದಿನವೂ ಮಾತಾಡಿ ರೂಢಿಯಾದ ದನಿಯಲ್ಲಿ ಕೇಳಿದಳು:

"ಮುಂದಿನ ಸಲ ಯಾವಾಗ ಬರ್ಲಿ ಮೇಡಂ? ಇಬ್ಬರಿಗೂ ಒಂದೇ ದಿನ ಕೊಟ್ಟುಬಿಡಿ. ಎರಡೆರಡು ಸಲ ರಜೆ ಸಿಗಲ್ಲ."